ದಾನವ್ವ ಆಯಿ ಮುಟ್ಟದ ಮಾಲ್ವಸಿಯಾ

ಸಲೀನಾ ದ್ವೀಪ, ಇಟಲಿ
ನೆರಳುಮಾಸದ ಮೂವತ್ತೆಂಟನೆಯ ದಿನ, ಇಸವಿ ೨೨೧೪

ಪ್ರೀತಿಯ ದಾನವ್ವ ಆಯಿಗೆ,

ನಿನ್ನ ಮರಿಮಗಳ ಮರಿಮಗಳು ಮಾಳವ್ವ ಮಾಡುವ ಶರಣು. ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡ. ಬೇಸಿಗೆ ಉದ್ದವಾದಂತೆ ನಾವು ಉಳಿದ ತಿಂಗಳುಗಳಿಂದ ದಿನ ಕಿತ್ತು ಪಂಚಾಂಗಕ್ಕೆ ಒಂದು ಉದ್ದನೆಯ ತಿಂಗಳು ಹೆಚ್ಚಿಗೆ ಸೇರಿಸಿದ್ದೇವೆ; ಹಗಲೆಲ್ಲ ಒಳಗೇ ಇರಬೇಕಾದ್ದರಿಂದ ಅದು ನೆರಳುಮಾಸ. ನನ್ನ ಕನ್ನಡ ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ಈ ದ್ವೀಪದಲ್ಲಿ ಅದನ್ನು ಆಡುವವರು ಈಗ ಇಬ್ಬರೇ, ನಾನು ಮತ್ತು ನನ್ನ ದೊಡ್ಡವ್ವ ರೊಸಾಲಿಯಾ.

ನೀನು ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಿಂದ ಇಲ್ಲಿಗೆ ಕೆಲಸಕ್ಕೆ ಬಂದವಳು. ಇಲ್ಲಿಯವರು ಮಾಲ್ವಸಿಯಾ ದ್ರಾಕ್ಷಿಯನ್ನು ಜೊಂಡಿನ ಚಾಪೆಯ ಮೇಲೆ ಬಿಸಿಲಿಗೆ ಹರವಿ, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ಹೊತ್ತು, ಒಣಗಿದ ಮೇಲೆ ಹಿಂಡಿ, ಜೇನುಬಣ್ಣದ ಸಿಹಿ ವೈನ್ ಮಾಡುತ್ತಿದ್ದರು. ಮೊದಲ ವರ್ಷ ನೀನು ಊರಿನ ಅಭ್ಯಾಸದಂತೆ ಎಲ್ಲವನ್ನೂ ನೆರಳಿಗೆ ಹಾಕಿ ಚೆನ್ನಾಗಿ ಬೈಸಿಕೊಂಡೆಯಂತೆ. ಈಗ ನಮ್ಮ ಬಿಸಿಲಿಗೆ ಇಟ್ಟರೆ ಹಣ್ಣು ಮಧ್ಯಾಹ್ನದೊಳಗೆ ಇದ್ದಿಲಾಗುತ್ತದೆ. ನಿನ್ನ ತಪ್ಪೇ ನಮ್ಮ ಪದ್ಧತಿಯಾಗಿದೆ, ಆಯಿ. ಬೆಳಿಗ್ಗೆ ಎಂಟಕ್ಕೆ ಬಿಸಿಲುಕೂಗು ಕೇಳುತ್ತದೆ. ಇನ್ನು ಹೊರಗೆ ಕಾಲಿಡಬಾರದು ಎಂದು ಊರಿಗೆಲ್ಲ ಕೂಗಿ ಹೇಳುವ ಯಂತ್ರ ಅದು. ಆಮೇಲೆ ನಾನು ನೆಲಮಾಳಿಗೆಗೆ ಇಳಿದು ಗೊಂಚಲುಗಳನ್ನು ತಿರುವಿ ಹಾಕುತ್ತೇನೆ.

ಎಂಬತ್ತು ವರ್ಷ ಇಲ್ಲಿ ಬಳ್ಳಿಯೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಕಲ್ಲುಗೋಡೆಯ ಸಂದಿಯಲ್ಲಿ ಒಂದು ಚಿಗುರು ಸಿಕ್ಕಿತು. ಅದನ್ನು ಬೆಳೆಸಿ, ನಿನ್ನ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ವೈನ್ ಮಾಡುತ್ತಿದ್ದೇನೆ. ಎಷ್ಟು ದಿನಕ್ಕೊಮ್ಮೆ ತಿರುವಬೇಕು, ತೊಟ್ಟು ಯಾವಾಗ ತಾನಾಗಿ ಮುರಿಯುತ್ತದೆ, ಎಲ್ಲ ಬರೆದಿದ್ದೀಯ. ರುಚಿಯ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ಕಾರಣವನ್ನೂ ನೀನೇ ಬರೆದಿದ್ದೀಯ: "ಕೊರಳಾಗ ಲಿಂಗ ಐತಿ, ನಾ ಇದನ್ನ ಮುಟ್ಟಂಗಿಲ್ಲ. ಕುಡದವ್ರು ಕಣ್ಣ ಮುಚ್ಚತಾರ. ಅಷ್ಟ ನೋಡತೀನಿ."

ದೊಡ್ಡವ್ವನಿಗೀಗ ನೂರಾ ಮೂರು. ಎಂಟು ವರ್ಷದವಳಿದ್ದಾಗ ಅಕ್ಕನ ಮದುವೆಯಲ್ಲಿ ಅವಳಿಗೆ ಒಂದು ಚಮಚ ಮಾಲ್ವಸಿಯಾ ಸಿಕ್ಕಿತ್ತು. ಅದರ ರುಚಿ ಬಲ್ಲವರಲ್ಲಿ ಬದುಕಿರುವವಳು ಅವಳೊಬ್ಬಳೇ. ಪ್ರತಿ ವರ್ಷ ನನ್ನ ವೈನನ್ನು ಒಂದು ಚಮಚ ಕುಡಿಸಿ ಅವಳ ಕಣ್ಣನ್ನೇ ನೋಡುತ್ತೇನೆ. ಅವು ತೆರೆದೇ ಇರುತ್ತವೆ. "ಇದ ಅಲ್ಲವ್ವಾ," ಅನ್ನುತ್ತಾಳೆ. "ಇದು ಬರೇ ಸಿಹಿ ಐತಿ. ಅದರಾಗ ಸಿಹಿ ಆದಮ್ಯಾಲ ಇನ್ನೊಂದು ಬರತಿತ್ತು." ಆ ಇನ್ನೊಂದು ಏನೆಂದು ಕೇಳಿದರೆ ಅವಳಿಗೆ ಹೇಳಲು ಬಾರದು, ಕಣ್ಣಲ್ಲಿ ನೀರು ಬರುತ್ತದೆ. ನನಗೂ ಬರುತ್ತದೆ.

ನೀನು ಹೇಳಿದಷ್ಟೇ ದಿನ ಒಣಗಿಸುತ್ತೇನೆ, ಆದರೆ ಈ ಗಾಳಿ ನಿನ್ನ ಕಾಲದ ಗಾಳಿಯಲ್ಲ. ಎಲ್ಲಿಗೆ ನಿಲ್ಲಿಸಬೇಕು ಎನ್ನುವುದಕ್ಕೆ ರುಚಿಯೊಂದೇ ಗುರುತು. ಈ ವರ್ಷದ ಹಣ್ಣನ್ನು ಇನ್ನು ಒಂಬತ್ತು ದಿನದೊಳಗೆ ಹಿಂಡಬೇಕು. ದೊಡ್ಡವ್ವ ಇನ್ನೊಂದು ಸುಗ್ಗಿ ಕಾಣಲಾರಳು.

ಕುಡಿ ಎನ್ನುವುದಿಲ್ಲ, ಆಯಿ. ಒಂದೇ ಒಂದು ಸಲ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೋ. ತಪ್ಪಿದ್ದರೆ ಅದು ನನಗಿರಲಿ. ಸಿಹಿಯಾದ ಮೇಲೆ ಬರುವುದು ಏನೆಂದು ಒಂದು ಸಾಲು ಬರೆದಿಡು. ನಿನ್ನ ನೋಟ್‌ಬುಕ್ಕಿನ ಕೊನೆಯ ಪುಟ ಖಾಲಿ ಇದೆ. ನಿನ್ನ ಕಾಲದಲ್ಲಿ ನೀನು ಅಲ್ಲಿ ಬರೆದರೆ, ನನ್ನ ಕಾಲದಲ್ಲಿ ಅದೇ ಪುಟದ ಮೇಲೆ ಇಲ್ಲಿ ಕಾಣಬೇಕಲ್ಲ. ದಿನಾ ಬೆಳಿಗ್ಗೆ ತೆಗೆದು ನೋಡುತ್ತೇನೆ. ಇವತ್ತು ಇನ್ನೂ ನೋಡಿಲ್ಲ; ಈ ಪತ್ರ ಮುಗಿಯಲಿ ಎಂದು ಕಾದಿದ್ದೇನೆ.

ನಿನ್ನ
ಮಾಳವ್ವ