ಎರಡು ಸಲ ಕೆಳಗೆ, ಎಂಟರ್

ಜೂನ್ 3, ಸೋಮವಾರ, ಸಂಜೆ

ಇವತ್ತೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಅದೇ ಅಭ್ಯಾಸ. ಪೆನ್‌ಡ್ರೈವ್ ಚುಚ್ಚು, ಪವರ್ ಒತ್ತು, ಎಫ್ ಹನ್ನೆರಡರ ಕೀಲಿಯನ್ನು ಟಕಟಕ ಬಡಿ. ಹತ್ತು ಎಣಿಸುವಷ್ಟರಲ್ಲಿ ಪಟ್ಟಿ ಬಂದಿರುತ್ತದೆ. ಪಟ್ಟಿಗೆ ಬಾಯಿಲ್ಲ. ಎರಡು ಸಲ ಕೆಳಗೆ, ಎಂಟರ್. ಆಮೇಲೆ ಕಾಯುವುದು. ‘ಸ್ಕ್ರೀನ್ ರೀಡರ್ ಆನ್’ ಎಂದು, ಪರದೆ ಓದಿ ಹೇಳುವ ಆ ಹೆಂಗಸು ಮೂಗಿನಲ್ಲಿ ಉಲಿದ ಮೇಲೆಯೇ ನನಗೆ ಉಸಿರು.

ಕಣ್ಣು ಹೋದ ಮೇಲೂ ಕೆಲಸ ಹೋಗಿರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ರಿಪೋರ್ಟ್ ಟೈಪ್ ಮಾಡುತ್ತೇನೆ. ನನ್ನ ಮೇಜಿನ ಮೆಷಿನ್ ಮಾತಾಡುತ್ತಿತ್ತು. ಈಗ ಯಾರಿಗೂ ಸ್ವಂತ ಮೇಜಿಲ್ಲವಂತೆ, ಖಾಲಿ ಇದ್ದಲ್ಲಿ ಕೂರಬೇಕಂತೆ. ಬೇರೆ ಮೆಷಿನ್‌ಗಳು ಮಾತಾಡುವುದಿಲ್ಲ. ನಮ್ಮ ವಿಭಾಗದ ಮೇಡಂ ಸುತ್ತಿಬಳಸಿ ಹೇಳುವವರಲ್ಲ.

“ಶುಕ್ರವಾರ ನಾನು ತೋರಿಸಿದ ಮೆಷಿನ್‌ನಲ್ಲಿ ಕೂತು ಒಂದು ರಿಪೋರ್ಟ್ ಮಾಡಿ ತೋರಿಸಿ. ಪಕ್ಕದವರನ್ನ ಕೇಳೋ ಹಾಗಿಲ್ಲ. ಆಗಲಿಲ್ಲ ಅಂದ್ರೆ ಈ ತಿಂಗಳಿಗೆ ಮುಗೀತು.”

ನಮ್ಮ ಯಜಮಾನರು ಹಳೇ ಕಂಪ್ಯೂಟರ್ ಮಾರುವ ಅಂಗಡಿಯಲ್ಲಿ ರಿಪೇರಿ ಮಾಡುತ್ತಾರೆ. ಯಾವ ಮೆಷಿನ್‌ಗೆ ಚುಚ್ಚಿದರೂ ಏಳುವ ಹಾಗೆ ಅಂಗಡಿಯ ಪೆನ್‌ಡ್ರೈವ್ ಸಿದ್ಧ ಮಾಡಿ ತಂದಿದ್ದಾರೆ. ಒಂದರಲ್ಲೇ ನಾಲ್ಕು ಲಿನಕ್ಸ್, ಅಂದರೆ ಮೆಷಿನ್ ಎಬ್ಬಿಸುವ ನಾಲ್ಕು ಬಗೆಯ ವ್ಯವಸ್ಥೆ. ಹೆಸರಿನ ಅಕ್ಷರಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು ಮುದಿ ಮೆಷಿನ್‌ಗಳಿಗೆ, ಎರಡನೆಯದು ರಿಪೇರಿಗೆ. ಮೂರನೆಯದು ನನ್ನದು, ಮಾತಾಡುವುದು. ನಾಲ್ಕನೆಯದು ಏನು ಅಂದರೆ ಇವರು ಮಾತು ಹಾರಿಸಿದರು.

ಜೂನ್ 4

ಬಾಯಿ ಬಿಡಿಸಿದೆ. ನಾಲ್ಕನೆಯದು ಡಿಸ್ಕ್ ಅಳಿಸುವುದು! ಮಾರುವ ಮೊದಲು ಹಳಬರ ಫೈಲುಗಳನ್ನೆಲ್ಲ ಗುಡಿಸಿ ಹಾಕಲು. ಎಂಟರ್ ಒತ್ತಿದರೆ ಸಾಕು, ಹೇಳುವುದಿಲ್ಲ ಕೇಳುವುದಿಲ್ಲ, ಶುರು. ಅದು ಕೂತಿರುವುದು ನನ್ನದರ ಮಗ್ಗುಲಲ್ಲೇ. ಬೆರಳು ಒಂದು ಸಲ ಹೆಚ್ಚಿಗೆ ಬಿದ್ದರೆ ವಾರ್ಡಿನ ರಿಪೋರ್ಟೆಲ್ಲ ನೀರುಪಾಲು.

“ತೆಗೀರಿ ಅದನ್ನ.”

“ಡ್ರೈವ್ ನನ್ನದಲ್ಲ ಕಣೇ. ಧಣಿಗಳು ಶನಿವಾರ ಇದ್ದ ಹಾಗೇ ವಾಪಸ್ ಕೇಳಿದ್ದಾರೆ.”

“ಬೇರೆ ತನ್ನಿ.”

“ತಂದಿದ್ದೆ. ಅದು ಅರ್ಧ ಮೆಷಿನ್‌ಗಳಲ್ಲಿ ಏಳೋದೇ ಇಲ್ಲ. ಇದೊಂದೇ ಎಲ್ಲಾ ಕಡೆ ಏಳೋದು.”

“ಹಾಗಾದ್ರೆ ಇನ್ನು ಶುಕ್ರವಾರದ ತನಕ ಅದಕ್ಕೆ ಕೈ ಹಚ್ಚಬೇಡಿ. ಒಂದು ಸೇರಿಸಿದ್ರೂ ಸಾಲು ಕದಲತ್ತೆ. ನನಗೆ ಕಾಣಲ್ಲ, ನೆನಪಿರಲಿ.”

“ಮುಟ್ಟಲ್ಲಮ್ಮ ತಾಯಿ.”

ಮನೆಯ ಮಿಕ್ಸಿ, ಫ್ಯಾನು, ಬಾಗಿಲ ಚಿಲಕ… ಸರಿಯಾಗಿದ್ದುದನ್ನು ಇನ್ನೂ ಸರಿ ಮಾಡಿ ಕೆಡಿಸಿದ ಮಹಾನುಭಾವರು. ಎರಡೆರಡು ಸಲ ಹೇಳಿಸಿದೆ.

ಜೂನ್ 5

ಐಟಿಯವರು ಎಲ್ಲ ಮೆಷಿನ್‌ಗಳಲ್ಲೂ ಪೆನ್‌ಡ್ರೈವಿಗೆ ದಾರಿ ಬಿಟ್ಟುಕೊಟ್ಟರಂತೆ. ಹೊಸ ಮೆಷಿನ್‌ಗಳೂ ಬಂದಿವೆಯಂತೆ. ಊಟಕ್ಕೆ ಕೂತಾಗ ಹೇಳಿದೆ. ಇವರು ‘ಹೂಂ, ಹೊಸವಾ? ಯಾವ ಕಂಪನಿ?’ ಅಂದರು.

ಹೆದರಿಕೆ. ಕೆಲಸ ಹೋದರೆ ಮನೆ ನಡೆಯುತ್ತದೆ, ಇವರಿದ್ದಾರೆ. ಆದರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ? ಈ ಕುರ್ಚಿಯಿಂದ ಆ ಕುರ್ಚಿಗಾ?

ಜೂನ್ 7, ಶುಕ್ರವಾರ, ಸಂಜೆ

ಅಕ್ಷರ ತಪ್ಪಿದರೂ ಸರಿ, ಟೈಪ್ ಮಾಡಿಬಿಡುತ್ತೇನೆ.

ವಾರ್ಡಿನ ಮೆಷಿನ್ ತೋರಿಸಿದರು. ಚುಚ್ಚಿದೆ. ಎರಡು ಸಲ ಕೆಳಗೆ, ಎಂಟರ್. ಕಾದೆ. ಏನೂ ಇಲ್ಲ. ಮೇಡಂ ಪಕ್ಕದಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಟಕ್… ಟಕ್… ಏನೂ ಇಲ್ಲ.

ಆಫ್ ಮಾಡಿ ಮತ್ತೆ ಮಾಡಿದೆ. ಅದೇ.

ಎರಡೇ ಕಾರಣ. ಈ ಮೆಷಿನ್‌ನ ಸೌಂಡ್ ಕೆಟ್ಟಿದೆ. ಇಲ್ಲವೇ ಇವರು ಏನೋ ಸೇರಿಸಿದ್ದಾರೆ. ನನ್ನದರ ಕೆಳಗೆ ಸೇರಿಸಿದ್ದರೆ ಎರಡಕ್ಕೇ ಮಾತಾಡಬೇಕಿತ್ತು. ಅಂದರೆ ಮೇಲೆ. ಅಂದರೆ ನನ್ನದೀಗ ಮೂರು ಸಲ ಕೆಳಗೆ. ಆದರೆ ಸೌಂಡ್ ಕೆಟ್ಟಿದ್ದರೆ? ಆಗ ಮೂರು ಸಲ ಕೆಳಗೆ ಇರುವುದು ಅಳಿಸುವುದು. ಅಷ್ಟೂ ರೋಗಿಗಳ ರಿಪೋರ್ಟ್.

ಮೂರು ಸಲ ಕೆಳಗೆ ಒತ್ತಿ, ಎಂಟರ್ ಮೇಲೆ ಬೆರಳಿಟ್ಟು ಕೂತೆ.

“ಆಗ್ತಿಲ್ವಾ?” ಎಂದರು ಮೇಡಂ. ಯಾವತ್ತೂ ಇಲ್ಲದ ಮೆತ್ತನೆಯ ದನಿ. ಆ ಕನಿಕರ ಕೇಳಿ ಮೈಯೆಲ್ಲ ಉರಿಯಿತು.

ಆಗ ನೆನಪಾಯಿತು. ಬೆಳಿಗ್ಗೆ ಬಾಗಿಲಲ್ಲಿ ಇವರು ಕೈಗಿಟ್ಟಾಗ ಡ್ರೈವ್ ಬೆಚ್ಚಗಿತ್ತು. ಜೇಬಿನ ಬಿಸಿ ಅಂದುಕೊಂಡಿದ್ದೆ. ಜೇಬಿನ ಬಿಸಿ ಅಷ್ಟಿರುವುದಿಲ್ಲ. ಏನಾದರೂ ತುಂಬಿಸಿದಾಗಲೇ ಅದು ಹಾಗೆ ಕಾಯುವುದು.

ಈ ಮನುಷ್ಯ ನನ್ನ ಮಾತು ಕೇಳಿಲ್ಲ. ಅದೊಂದು ಭರವಸೆಯ ಮೇಲೆ ಒತ್ತಿದೆ.

ಎಷ್ಟು ಹೊತ್ತೋ.

‘ಸ್ಕ್ರೀನ್ ರೀಡರ್ ಆನ್.’

ಅತ್ತುಬಿಟ್ಟೆ. ಮೇಡಂ ಎದುರಿಗೇ. ಅಳುತ್ತಲೇ ರಿಪೋರ್ಟ್ ಟೈಪ್ ಮಾಡಿದೆ. ಅವರು ಪೂರ್ತಿ ಓದಿದರು. “ಸೋಮವಾರದಿಂದ ಖಾಲಿ ಇದ್ದಲ್ಲಿ ಕೂತ್ಕೊಳ್ಳಿ” ಎಂದರು. ಅಷ್ಟೇ.

ಇವರು ಇನ್ನೂ ಬಂದಿಲ್ಲ. ಬೈಯಬೇಕೋ ಏನೋ, ತಿಳಿಯುತ್ತಿಲ್ಲ. ಹೇಳಿದ ಮಾತು ಕೇಳುವವರಾಗಿದ್ದರೆ ಇವತ್ತು ನಾನು… ಅಲ್ಲ, ಕೇಳುವವರಾಗಿದ್ದರೆ ಎರಡು ಸಲಕ್ಕೇ ಆಗುತ್ತಿತ್ತು. ತಲೆ ಓಡುತ್ತಿಲ್ಲ. ಮದುವೆಯಾದಾಗಿನಿಂದ ಇವರನ್ನು ಇಷ್ಟು ನಂಬಿದ್ದು ಇದೇ ಮೊದಲು, ಅದೂ ಮಾತಿಗೆ ತಪ್ಪುತ್ತಾರೆ ಎಂದು.

ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದಾರೆ. “ಒಂದು ವಿಷಯ ಹೇಳ್ತೀನಿ, ಬೈಬಾರದು” ಅನ್ನುತ್ತಿದ್ದಾರೆ. ದನಿಯೇ ಅರ್ಧ ಆಗಿದೆ ಪಾಪ. ತಡೀರಿ ಅಂದೆ, ಇದೊಂದು ಸಾಲು ಮುಗಿಸಿ—