ಪುಟ್ ಅಪ್ ಎಂದರೆ ತಂಗುವುದು

ಗಂಗಾನಗರ, ಬೆಂಗಳೂರು
14 ಜುಲೈ 2024, ಭಾನುವಾರ

ಪ್ರೀತಿಯ ಚನ್ನಕ್ಕನಿಗೆ ರಾಧಾಮಣಿಯ ನಮಸ್ಕಾರ.

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡಿ. ನಾನೀಗ ಜಕ್ಕೂರಿನ ಅಣ್ಣನ ಮನೆಯಲ್ಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನೀವು ಅಳಲು ಶುರು ಮಾಡುತ್ತೀರಿ, ನಿಮ್ಮನ್ನು ಸಮಾಧಾನ ಮಾಡುವುದರಲ್ಲಿ ನನ್ನ ಮಾತೇ ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ಶಿವಶರಣಪ್ಪನವರು ನಿವೃತ್ತರಾಗಿ ನೀವಿಬ್ಬರೂ ಕಲಬುರಗಿಗೆ ಹೊರಟ ಮೇಲೆ ಮಹಡಿಯ ಮನೆಗೆ ಬೇರೆ ಬಾಡಿಗೆಯವರು ಬಂದರು. ಒಳ್ಳೆಯವರೇ. ಆದರೆ ಸಂಜೆ ಮೆಟ್ಟಿಲ ಮೇಲೆ ಕೂತು ಮಾತಾಡುವವರಲ್ಲ. ಹೋಗುವ ದಿನ ನೀವು ಹೇಳಿದ್ದಿರಿ, "ಇಂಗ್ಲಿಷ್ ಒಂದು ಕಲಿ ತಂಗಿ, ನಿನಗೂ ಒಂದು ನೌಕರಿ ಸಿಗತದ" ಎಂದು. ಬೇಸರ ಕಳೆಯಲೆಂದೇ ಅಲ್ಲಾಳಸಂದ್ರದಲ್ಲಿ ಬೇಕರಿಯ ಮೇಲಿರುವ ಕ್ಲಾಸಿಗೆ ಸೇರಿಕೊಂಡೆ. ಕಲಿಸುವವಳು ಮಧುಶ್ರೀ ಎಂಬ ಹುಡುಗಿ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ತಪ್ಪು ಮಾಡಿದರೆ ಮುಖ ಸಿಂಡರಿಸುವುದಿಲ್ಲ.

ಒಂದು ದಿನ ಅವಳು 'ಪುಟ್ ಅಪ್' ಹೇಳಿಕೊಟ್ಟಳು. ನಮ್ಮ ಕಡೆ ಇಂಟರ್‌ವ್ಯೂಗಳಲ್ಲಿ 'ವೇರ್ ಆರ್ ಯು ಪುಟ್ ಅಪ್' ಅಂತ ಕೇಳುತ್ತಾರಂತೆ. ಎಲ್ಲಿ ತಂಗಿದ್ದೀರಿ ಎಂದರ್ಥ. ಒಬ್ಬೊಬ್ಬರೇ ಎದ್ದು ನಿಂತು ಉತ್ತರ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಊರಿನ ಹೆಸರಷ್ಟೇ ಹೇಳಿದರೆ ಸಪ್ಪೆ ಅನ್ನಿಸಿ, ಧೈರ್ಯವಾಗಿ ಉದ್ದನೆಯ ವಾಕ್ಯವನ್ನೇ ಹೇಳಿದೆ: "ಐ ಪುಟ್ ಅಪ್ ವಿತ್ ಮೈ ಬ್ರದರ್ ಅಂಡ್ ಸಿಸ್ಟರ್ ಇನ್ ಲಾ."

ಮಧುಶ್ರೀ ನಗು ತಡೆದುಕೊಂಡಳು. "ಆಂಟಿ, 'ವಿತ್' ಸೇರಿಸಿದ್ರೆ ಅರ್ಥಾನೇ ಬೇರೆ ಆಗುತ್ತೆ. ಸಹಿಸ್ಕೊಂಡಿದೀನಿ ಅಂತ. ಹೆಬ್ಬಾಳದ ಟ್ರಾಫಿಕ್ಕನ್ನ ಪುಟ್ ಅಪ್ ವಿತ್ ಮಾಡ್ತೀವಿ, ಸೊಳ್ಳೇನ ಮಾಡ್ತೀವಿ. ಮನೆಯವರ ಬಗ್ಗೆ ಹಂಗೆ ಹೇಳಲ್ಲ" ಎಂದಳು. ಹಿಂದಿನ ಬೆಂಚಿನಲ್ಲಿದ್ದ ಎಸಿ ರಿಪೇರಿಯ ಅರ್ಬಾಜ್, "ಬಿಡಿ ಮೇಡಂ, ಅಕ್ಕ ನಿಜಾನೇ ಹೇಳ್ಬಿಟ್ರು" ಎಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮನೆಗೆ ಬಂದು ಹುರುಳಿಕಾಯಿಯ ನಾರು ತೆಗೆಯುತ್ತಾ ಅತ್ತಿಗೆಗೂ ಈ ತಮಾಷೆಯನ್ನು ಹೇಳಿದೆ. ಶಾಂತಲಾ ಅತ್ತಿಗೆ ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ಓಹೋ, ನೀನು ನಮ್ಮನ್ನ ಸಹಿಸ್ಕೊಂಡಿದೀಯಾ?" ಎಂದು ಪಾತ್ರೆ ಎತ್ತಿಕೊಂಡು ಎದ್ದುಹೋದರು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಜಗಳವಿಲ್ಲ, ಕೂಗಾಟವಿಲ್ಲ. ನನ್ನ ಹೆಸರೇ ಅವರ ಬಾಯಿಂದ ಹೋಯಿತು. ಗೋಡೆಗೆ ಹೇಳುವ ಹಾಗೆ "ಊಟಕ್ಕೆ ಬರ್ಬೋದು" ಎನ್ನುತ್ತಿದ್ದರು. ಗಂಡನನ್ನು ಕಳೆದುಕೊಂಡು ಬಂದವಳಿಗೆ ಮೊದಲ ದಿನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅದು. ಅವರ ಮನಸ್ಸು ನೋಯಿಸಿದೆನಲ್ಲ ಎಂದು ಸಂಕಟವಾಗುತ್ತಿತ್ತು. ಆದರೆ ಚನ್ನಕ್ಕ, ನಿಮ್ಮ ಹತ್ತಿರ ಮುಚ್ಚಿಡಲಾರೆ. ಆ ವಾಕ್ಯ ಪೂರ್ತಿ ಸುಳ್ಳು ಎಂದು ಹೇಳಿ ಕ್ಷಮೆ ಕೇಳಲು ಹೊರಟಾಗಲೆಲ್ಲ ನಾಲಿಗೆ ಏಳುತ್ತಿರಲಿಲ್ಲ. ಅಣ್ಣ ನನಗೆ ಯಾವುದಕ್ಕೂ ಕಮ್ಮಿ ಮಾಡಿಲ್ಲ. ಆದರೆ ನಾನು ಯಾವ ಸೀರೆ ಉಡಬೇಕು, ಯಾರ ಮದುವೆಗೆ ಬರಬಾರದು, ಯಾವ ದೇವಸ್ಥಾನಕ್ಕೆ ಎಷ್ಟು ಹೊತ್ತಿಗೆ ಹೋಗಿ ಬರಬೇಕು, ಎಲ್ಲವೂ ಅವನದೇ ತೀರ್ಮಾನ.

ಹೀಗಿರುವಾಗ ನಮ್ಮ ಹಳೇ ದ್ರಾಕ್ಷಿ ತೋಟದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ಮಾತಿಗೆ ಯಾರೋ ದೊಡ್ಡವರು ಮನೆಗೆ ಬಂದರು. ನಾನು ಕಾಫಿ ತಟ್ಟೆ ಹಿಡಿದು ಹೋದೆ. ಅಣ್ಣ ನನ್ನ ಕಡೆ ಕೈ ತೋರಿಸಿ, "ನಮ್ ತಂಗಿ. ಪಾಪ, ಗಂಡ ಇಲ್ಲ. ನಾವೇ ಇಟ್ಕೊಂಡಿದೀವಿ" ಎಂದ. ಆಮೇಲೆ ಅತ್ತಿಗೆಯನ್ನು ತೋರಿಸಿ, "ಇವಳಿಗೇನ್ ತಿಳೀತದೆ, ಸೈನ್ ಮಾಡು ಅಂದ್ರೆ ಮಾಡ್ತಾಳೆ" ಎಂದು ನಕ್ಕ. ಆ ಜಾಗದಲ್ಲಿ ಅರ್ಧ ಅತ್ತಿಗೆಯ ಹೆಸರಿನಲ್ಲಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಬಂದವರೂ ನಕ್ಕರು. ಅತ್ತಿಗೆ ಬಾಗಿಲಿಗೆ ಒರಗಿ ನಿಂತೇ ಇದ್ದರು.

ಬಂದವರೆಲ್ಲ ಹೋದ ಮೇಲೆ ಅತ್ತಿಗೆ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು.

"ರಾಧಾ, ಆ ಇಂಗ್ಲಿಷ್ ಮಾತು ಇನ್ನೊಂದ್ಸಲ ಹೇಳು."

ಬಹಳ ದಿನಗಳ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು. ಹೆದರುತ್ತಲೇ ಹೇಳಿದೆ.

"ಅದನ್ನೇ ನಾನ್ ಹೇಳೋದಾದ್ರೆ ಎಂಗೆ? ಬ್ರದರ್ ತೆಗೆದು ಹಸ್ಬೆಂಡ್ ಅಂತ ಹಾಕಿದ್ರೆ ಸಾಕಾ?"

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮೊದಲು ಯಾರಿಗೆ ನಗು ಬಂತೋ ಗೊತ್ತಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅತ್ತಿಗೆಯ ಕಣ್ಣು ತುಂಬಿತು. "ನೀನು ಹೇಳಿದ್ದಕ್ಕಲ್ಲ ನಂಗೆ ಸಿಟ್ಟು ಬಂದಿದ್ದು. ನಂಗಿಂತ ಮುಂಚೆ ಹೇಳ್ಬಿಟ್ಟೆಯಲ್ಲ ಅಂತ" ಎಂದರು. ನನ್ನನ್ನೂ ಸಹಿಸಿಕೊಂಡದ್ದುಂಟೇ ಎಂದು ಕೇಳಿದೆ. ಯೋಚಿಸಿ, "ನಿನ್ನ ಸಾರಿನ ಉಪ್ಪನ್ನ" ಎಂದರು.

ಆಗಲೇ ನಾನು ಗಂಗಾನಗರದ ಸುದ್ದಿ ತೆಗೆದದ್ದು. ಇಲ್ಲಿನ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಬೇಕಿದ್ದಾರೆ, ಇರಲು ರೂಮೂ ಕೊಡುತ್ತಾರೆ ಎಂದು ಮಧುಶ್ರೀ ಹೇಳಿದ್ದಳು. ನಾನು ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಅತ್ತಿಗೆ ಮರುದಿನವೇ ನನ್ನನ್ನು ಆಟೋ ಹತ್ತಿಸಿದರು. ಹಾಸ್ಟೆಲ್ ನಡೆಸುವ ಮುನಿಯಲ್ಲಮ್ಮ ಗಟ್ಟಿ ಹೆಂಗಸು. ಆಕೆಯ ಮಗಳು ಇಂಗ್ಲಿಷಿನಲ್ಲಿ ಎಲ್ಲಿರುತ್ತೀರಿ ಎಂದು ಕೇಳಿದಳು. ಮಧುಶ್ರೀ ಹೇಳಿಕೊಟ್ಟ ಹಾಗೆಯೇ ಊರಿನ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಕೆಲಸ ಸಿಕ್ಕಿತು.

ಅಣ್ಣ ಕುಣಿದಾಡಿದ. "ನಮ್ ಮನೆ ಹೆಣ್ಮಗಳು ಹಾಸ್ಟೆಲ್ ಕಾಯ್ಬೇಕಾ? ಈ ಸತೀಶ ತಂಗೀಗೆ ಅನ್ನ ಹಾಕ್ಲಿಲ್ಲ ಅಂತಾರೆ ಜನ" ಎಂದ. "ಅನ್ನ ಹಾಕಿದೀಯ ಅಣ್ಣಾ, ಕೇಳಿದವರಿಗೆಲ್ಲ ನಾನೇ ಹೇಳ್ತೀನಿ. ಇನ್ಮೇಲೆ ನಾನೇ ಬೇಯಿಸ್ಕೊಂಡು ತಿಂತೀನಿ" ಎಂದೆ. ಅಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ! ಹೊರಡುವಾಗ ಅವನು ರೂಮಿನಿಂದ ಆಚೆ ಬರಲಿಲ್ಲ. ಟ್ರಂಕನ್ನು ಆಟೋವರೆಗೆ ಹೊತ್ತು ತಂದವರು ಅತ್ತಿಗೆ.

ಇಲ್ಲಿ ಚೆನ್ನಾಗಿದ್ದೇನೆ. ಒಡಿಶಾ, ಕೇರಳ, ನಿಮ್ಮ ಬೀದರ್ ಕಡೆಯ ಹುಡುಗಿಯರಿದ್ದಾರೆ. ಗೀಸರ್ ಕೆಟ್ಟರೂ ನನ್ನ ಬಾಗಿಲು, ಮನಸ್ಸು ಕೆಟ್ಟರೂ ನನ್ನ ಬಾಗಿಲು. ಬೀದರಿನ ಸ್ನೇಹಾ ರೊಟ್ಟಿ ತಟ್ಟುವಾಗ ನೀವೇ ಪಕ್ಕದಲ್ಲಿದ್ದ ಹಾಗಿರುತ್ತದೆ. ಕಿಟಕಿಯಾಚೆ ಒಂದು ಹೊಂಗೆ ಮರ ಇದೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ, ಯಾಕೆಂದರೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕೆಂದು ಯಾರೂ ಹೇಳಿರಲಿಲ್ಲ.

ಅಣ್ಣನ ಮೇಲೆ ನನಗೆ ಕೋಪವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಆ ಮನೆಗೆ ನಾನು ಹೋಗಿಯೇ ಹೋಗುತ್ತೇನೆ, ಅವನು ಮಾತಾಡಿದರೂ ಸರಿ, ಬಿಟ್ಟರೂ ಸರಿ. ಶಿವಶರಣಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಮೊಣಕಾಲು ಹೇಗಿದೆ ಎಂದು ಬರೆಯಿರಿ.

ನಿಮ್ಮ ತಂಗಿ,
ರಾಧಾಮಣಿ

ಮರೆತಿದ್ದೆ: ಈ ಕಾಗದ ಬರೆಯುವಾಗ ಅತ್ತಿಗೆ ನನ್ನ ಮಂಚದ ಮೇಲೆ ಕೂತು ಸ್ನೇಹಾಳ ಜಡೆ ಹೆಣೆಯುತ್ತಿದ್ದಾರೆ. ಗುರುವಾರ ಅಪಾರ್ಟ್‌ಮೆಂಟಿನ ಕಾಗದಕ್ಕೆ ಸೈನ್ ಹಾಕುವುದಿಲ್ಲವೆಂದು ಅಣ್ಣನಿಗೆ ಹೇಳಿ, ಒಂದು ಬ್ಯಾಗು ಹಿಡಿದು ಬಂದವರು ಇನ್ನೂ ಹೋಗಿಲ್ಲ. ಅಣ್ಣನಿಗೆ ಕಾಫಿ ಕಾಯಿಸಲೂ ಬರುವುದಿಲ್ಲವಲ್ಲ ಅತ್ತಿಗೆ ಎಂದೆ. ತಲೆ ಎತ್ತದೆ "ಕಲೀಲಿ" ಎಂದರು.