ದೀಪದಜ್ಜಿಯನ್ನು ಕೊಟ್ಟದ್ದು

೧೪ ಮಾರ್ಚ್, ಶುಕ್ರವಾರ ಮಧ್ಯಾಹ್ನ

ನನ್ನ ಗಿಣಿಗೆ, ಅಕ್ಕನ ಪ್ರೀತಿ.

ನೀನು ಚಿಕ್ಕಪ್ಪನ ಮಗಳ ಮನೆಗೆ ಹೊರಟುಹೋಗಿ ಇವತ್ತಿಗೆ ಎರಡು ತಿಂಗಳು. ಫೋನಿಗೆ ಕಳಿಸಿದ್ದು ಒಂದನ್ನೂ ನೀನು ತೆರೆದು ನೋಡಿಲ್ಲ. ಕಾಗದವನ್ನಾದರೂ ಒಡೆಯುತ್ತೀಯೇನೋ ಎಂಬ ಆಸೆಯಿಂದ ಕೆಲಸದ ಮೇಜಿನ ಮುಂದೆಯೇ ಕೂತು ಬರೆಯುತ್ತಿದ್ದೇನೆ. ಎದುರಿಗೆ ಯಾರದೋ ಮೇಲ್ದವಡೆಯ ಹಲ್ಲುಸೆಟ್ಟು ಮೇಣದಲ್ಲಿ ಅರ್ಧಕ್ಕೆ ನಿಂತಿದೆ. ಬೆಳಗಿನಿಂದ ಒಂದು ಕೋರೆಹಲ್ಲನ್ನು ಮೂರು ಸಲ ಕೂರಿಸಿದೆ, ಮೂರು ಸಲವೂ ಸೊಟ್ಟ. ಮಾಲೀಕರು ಬಂದು ನೋಡಿ, "ಇದನ್ನ ಹಾಕ್ಕೊಂಡೋರು ನಗೋದಿರ್ಲಿ, ನಗೆಪಾಟಲಾಗ್ತಾರೆ ಅಷ್ಟೇ" ಎಂದರು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಸದ್ದಿಲ್ಲದೆ.

ಆ ಕಾರ್ಡಿನ ವಿಷಯ ನಾವು ಬಾಯಿಬಿಟ್ಟು ಮಾತಾಡಲೇ ಇಲ್ಲ. ಹನ್ನೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳಿದವಳು ನೀನು. ಗಂಟಲಿನ ಮೊದಲ ಆಪರೇಷನ್ನಿನಲ್ಲಿ ದನಿ ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಮೂರನೇ ಮಹಡಿಯ ಕೋಣೆಯಲ್ಲಿ ಉಳಿದದ್ದು ನೀನು, ನಿನ್ನ ಬರೆಯುವ ಪುಸ್ತಕ, ಫೋನಿನೊಳಗಿನ ಕಾರ್ಡ್ ಆಟ. ಅಲ್ಲಿ ಎಲ್ಲರೂ ಬರೆದೇ ಮಾತಾಡುವವರು, ನಿನಗೇನೂ ಕಡಿಮೆಯಿರಲಿಲ್ಲ. ಆಟ ಶುರುವಾದ ವರ್ಷ ಕೆಲವೇ ಕೆಲವರಿಗೆ ಸಿಕ್ಕಿದ್ದ 'ದೀಪದಜ್ಜಿ' ಕಾರ್ಡ್ ನಿನ್ನ ಹತ್ತಿರವಿತ್ತು. ಸೋಲುತ್ತಿರುವ ಎದುರಾಳಿಗೆ ಇನ್ನೊಂದು ಸರದಿ ಕೊಡುವ ಕಾರ್ಡ್ ಅದೊಂದೇ. ಬೇರೆಯವರು ಅದನ್ನು ಬಚ್ಚಿಟ್ಟುಕೊಂಡರು, ನೀನು ಕೇಳಿದವರಿಗೆ ಕೇಳದವರಿಗೆ ಎಲ್ಲ ಬಳಸಿದೆ. ಸೋತು ಸುಸ್ತಾದವರು ಆಟದೊಳಗಿನ ನಿನ್ನ ಮೇಜನ್ನೇ ಹುಡುಕಿಕೊಂಡು ಬಂದರು. ಮೂವತ್ತೆಂಟರ ನಿನ್ನನ್ನು ಅಜ್ಜಿ ಎಂದೇ ಕರೆದರು. ನಾನೂ ಆಡುತ್ತಿದ್ದೆ. ನನ್ನ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಅದಿರಲಿ.

ಅಪರೂಪದ ಕಾರ್ಡುಗಳನ್ನು ಆಟಗಾರರು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಬಹುದೇ ಎಂದು ಹೋದ ವರ್ಷ ಆಟದ ಕಂಪನಿಯವರು ಮತ ಕೇಳಿದಾಗ ನಾವಿಬ್ಬರೂ ಜಗಳವಾಡಿದೆವು. "ಮೊದಲು ಬಂದೋರಿಗೆ ಸಿಕ್ಕಿದ್ದು ಅವರ ಹತ್ತಿರಾನೇ ಕೊಳೀಬೇಕಾ? ತಡವಾಗಿ ಬಂದೋರು ಏನು ಪಾಪ ಮಾಡಿದಾರೆ?" ಎಂದೆ. ಈಗಲೂ ಆ ಮಾತು ತಪ್ಪೆಂದು ನನಗನ್ನಿಸುವುದಿಲ್ಲ. ನೀನು ಪೆನ್ನು ಒತ್ತಿ ಒತ್ತಿ ಬರೆದೆ: "ಕೊಡೋದು ತಗೊಳ್ಳೋದು ಶುರುವಾದ್ರೆ ನನ್ನ ಜೊತೆ ಆಡೋಕೆ ಯಾರೂ ಬರಲ್ಲ ಅಕ್ಕಾ. ಕಾರ್ಡ್ ಕೇಳೋಕೆ ಬರ್ತಾರೆ."

ಬೇಕು ಎಂದವರು ಗೆದ್ದರು. ನೀನು ಹೇಳಿದಂತೆಯೇ ಆಯಿತು. ಒಬ್ಬ ಕಾಯಿಲೆಯ ಮಗುವಿನ ಕಥೆ ಕಟ್ಟಿಕೊಂಡು ಬಂದ. ಇನ್ನೊಬ್ಬಳು ಒಂದು ವಾರ ಅಕ್ಕರೆ ತೋರಿಸಿ, ಕಾರ್ಡ್ ಸಿಗುವುದಿಲ್ಲವೆಂದು ಗೊತ್ತಾದ ದಿನ ಬಾಯಿಗೆ ಬಂದಂತೆ ಬೈದು ಹೋದಳು. ನೀನು ಯಾರಿಗೂ ಕೊಡಲಿಲ್ಲ.

ಅಷ್ಟರಲ್ಲಿ ಎರಡನೇ ಆಪರೇಷನ್ ಬಂತು. ಆಸ್ಪತ್ರೆಯಲ್ಲಿ ನೀನು ಫೋನನ್ನು ನನ್ನ ಕೈಗಿಟ್ಟು, "ಯಾರಾದ್ರೂ ಕೇಳಿದ್ರೆ, ಬರ್ತಾಳೆ ಅಂತ ಹೇಳು" ಎಂದು ಬರೆದೆ. ನಾಲ್ಕನೇ ದಿನ ಮಧ್ಯಾಹ್ನ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಯಾರೋ ಒಬ್ಬ ಆಟಗಾರ ಕೇಳಿದನೆಂದು ದೀಪದಜ್ಜಿಯನ್ನು ಕೊಟ್ಟುಬಿಟ್ಟೆ. ಬದಲಿಗೆ ಆರು ಬಲವಾದ ಕಾರ್ಡುಗಳು ಬಂದವು. ಇನ್ನು ಮೇಲೆ ನೀನು ಬರೀ ಗೆಲ್ಲುತ್ತೀಯ, ಕಾಟವೂ ತಪ್ಪುತ್ತದೆ ಎಂದುಕೊಂಡೆ.

ಮನೆಗೆ ಬಂದವಳು ಕತ್ತಿನ ಬ್ಯಾಂಡೇಜೂ ಬಿಚ್ಚದೆ ಆಟ ತೆರೆದೆ. ಪಿಸುಮಾತಿನ ಆಸೆಯೂ ಇಲ್ಲವೆಂದು ಡಾಕ್ಟರು ಹೇಳಿದ ದಿನವೇ ಅದು. ನನ್ನ ಕಡೆ ಪುಸ್ತಕ ತಿರುಗಿಸಿದೆ: "ಅಕ್ಕಾ, ಅಜ್ಜಿ ಎಲ್ಲಿ?" ನಾನು ಆರು ಕಾರ್ಡುಗಳ ಗುಣಗಾನ ಶುರುಮಾಡಿದೆ. ನೀನು ಕೇಳಿಸಿಕೊಂಡೆ, ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ನೀನು ಗೆಲ್ಲುತ್ತಲೇ ಹೋದೆ. ಸೋತವರು ಮತ್ತೆ ಬರಲಿಲ್ಲ. ಒಂದು ತಿಂಗಳಲ್ಲಿ ನಿನ್ನ ಮೇಜು ಬರಿದಾಯಿತು. ನೀನು ಮೊದಲು ಆಟ ಬಿಟ್ಟೆ, ಆಮೇಲೆ ಬರೆಯುವುದನ್ನೂ ಬಿಟ್ಟೆ. ಬಿಸಿ ಹಾಲು ತಂದಿಟ್ಟರೆ ಕುಡಿದು ಲೋಟ ತೊಳೆದಿಡುತ್ತಿದ್ದೆ, ಅಷ್ಟೇ. ಒಂದು ಬೆಳಗ್ಗೆ ಕೋಣೆಯ ಬೀಗದ ಕೈ ನನ್ನ ಚಪ್ಪಲಿಯ ಮೇಲಿತ್ತು.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ದೂರುಗಳು ಹೆಚ್ಚಾಗಿ ಕಂಪನಿಯವರು ಕಾರ್ಡ್ ಬದಲಾವಣೆಯನ್ನೇ ನಿಲ್ಲಿಸಿದರು. ನಿಲ್ಲಿಸುವ ಮೊದಲು ಏಳು ದಿನ ಗಡುವು ಕೊಟ್ಟಿದ್ದರು. ಇಬ್ಬರೂ ಒಪ್ಪಿದರೆ ಹಳೆಯ ಬದಲಾವಣೆಯನ್ನು ರದ್ದು ಮಾಡಬಹುದಿತ್ತು. ಆಸ್ಪತ್ರೆಯ ದಿನಗಳಲ್ಲಿ ನನ್ನ ಫೋನಿನಲ್ಲೂ ತೆರೆದಿದ್ದ ನಿನ್ನ ಖಾತೆ ಇನ್ನೂ ಹಾಗೇ ಇದೆ. ಆ ಆಟಗಾರನಿಗೆ ದಿನಾ ಬರೆದೆ, ಅಂಗಲಾಚಿದೆ, ಉತ್ತರವೇ ಬರಲಿಲ್ಲ. ಗಡುವು ನಿನ್ನೆ ಮುಗಿಯಿತು. ಇನ್ನು ಯಾರು ಮನಸ್ಸು ಮಾಡಿದರೂ ದೀಪದಜ್ಜಿ ನಿನ್ನ ಕೈಗೆ ಬರುವುದಿಲ್ಲ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಈ ಕಾಗದ ತಲುಪಿತೆಂದು ಒಂದು ಗೀಟು ಎಳೆದು ಕಳಿಸಿದರೂ ಸಾಕು.

ನಿನ್ನ ಪಾಪಿ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಾನು ಯಾರಿಗೂ ಬರೆಯಲಿಲ್ಲ ಗಿಣಿ. ಬರೆಯಲು ಅಲ್ಲಿ ಯಾರೂ ಇರಲಿಲ್ಲ. ಬೇರೆ ಹೆಸರಿನಲ್ಲಿ ನಾನೇ ಇನ್ನೊಂದು ಖಾತೆ ತೆರೆದು, ನನ್ನ ಆರು ಬಲವಾದ ಕಾರ್ಡುಗಳನ್ನು ಅದಕ್ಕೆ ಹಾಕಿದ್ದೆ. ಆ ಬೆಂಚಿನ ಮೇಲೆ ನನ್ನ ಎಡಗೈಯಲ್ಲಿ ನಿನ್ನ ಫೋನಿತ್ತು, ಬಲಗೈಯಲ್ಲಿ ನನ್ನದು. ಗಡುವಿನ ಏಳು ದಿನವೂ ಎರಡು ಖಾತೆಗಳನ್ನೂ ತೆರೆದಿಟ್ಟುಕೊಂಡು ಕೂತೆ, ರದ್ದು ಮಾಡುವ ಗುಂಡಿ ಒತ್ತಲಿಲ್ಲ. ನನ್ನ ಮೇಜಿಗೆ ಈಗ ಜನ ಬರುತ್ತಾರೆ. ಹೋದ ವಾರ ನಿನ್ನ ಹಳೆಯ ಆಟಗಾರರೊಬ್ಬರು ಬಂದು, "ಹೆಸರು ಬದಲಾಯಿಸ್ಕೊಂಡ್ರಾ ಅಜ್ಜಿ? ಗಂಟಲು ಈಗ ಹೇಗಿದೆ?" ಎಂದು ಕೇಳಿದರು. ವಾಸಿಯಾಗಿದೆ ಎಂದು ಬರೆದೆ. ಅವರಿಗೆ ತುಂಬ ಸಂತೋಷವಾಯಿತು.